ಎಲ್ಲಾದಕ್ಕೂ ಒಂದೇ 90 ಆಯಿಲ್ ಹಾಕಿಸ್ಬೋದಾ ಸಾರ್?

ಪ್ರಶ್ನೆ: ಸಾರ್, ನಮ್ದು ಪಾಂಡವಪುರ ಕಡೆ. ಸೆಕೆಂಡ್ ಹ್ಯಾಂಡಲ್ಲಿ ಒಂದು ಫೋರ್ ವೀಲ್ ಡ್ರೈವ್ ಪಿಕಪ್ ತಗೊಂಡಿದೀನಿ. ಬಿತ್ತನೆ ಕಬ್ಬು, ಗೊಬ್ಬರ, ಆಲೆಮನೆಯಿಂದ ಬೆಲ್ಲ ಎಲ್ಲಾ ಅದ್ರಲ್ಲೇ, ಗದ್ದೆಗೆ ಹೋಗ್ಬೇಕಾದ್ರೆ ನಾಲೆ ನೀರು ದಾಟ್ಕೊಂಡೇ ಹೋಗ್ಬೇಕು. ಬೆಳಿಗ್ಗೆ ಹೊತ್ತು ಸೆಕೆಂಡ್ ಗೇರು ಬಿಗಿ, ಕರ್ರ್ ಅಂತದೆ. ಗೇರ್ ಬಾಕ್ಸು, ಹಿಂದಿನ ಕ್ರೌನು (ಆಕ್ಸಲ್ ನಡುವೆ ಚಕ್ರ ತಿರುಗಿಸೋ ಗೇರಿನ ಡಬ್ಬ), ಮುಂದಿನ ಕ್ರೌನು ಎಲ್ಲಾದಕ್ಕೂ ಒಂದೇ ಕ್ಯಾನಿನ 90 ಆಯಿಲ್ ಹಾಕ್ಕೊಡ್ತೀನಿ ಅಂತಾರೆ ಮೆಕ್ಯಾನಿಕ್ಕು. ಹಾಕಿಸ್ಬೋದಾ?

ಉತ್ತರ: ಬೇಡ. 90 ಅನ್ನೋದು ಆಯಿಲ್ ಎಷ್ಟು ಮಂದ ಅಂತ ಅಷ್ಟೇ ಹೇಳ್ತದೆ, ಒಳಗೆ ಏನ್ ಬೆರೆಸಿದಾರೆ ಅಂತ ಹೇಳಲ್ಲ. ಅದಕ್ಕೆ ಕ್ಯಾನ್ ಮೇಲೆ ಗೇರ್ ಆಯಿಲ್ ದರ್ಜೆ ಜಿಎಲ್-4 ಅಂತಿದ್ಯಾ ಜಿಎಲ್-5 ಅಂತಿದ್ಯಾ ನೋಡ್ಬೇಕು. ಕ್ರೌನಲ್ಲಿ ಪಿನಿಯನ್ ಅನ್ನೋ ಸಣ್ಣ ಗೇರು ದೊಡ್ಡ ಕ್ರೌನ್ ಗೇರಿನ ನಡುಮಧ್ಯಕ್ಕೆ ನೇರ ಕೂತಿರಲ್ಲ, ಸ್ವಲ್ಪ ಸರಿದಿರ್ತದೆ, ಅದಕ್ಕೇ ಹಲ್ಲು ಬರೀ ಉರುಳದೆ ಒಂದನ್ನೊಂದು ಉಜ್ಜಿಕೊಂಡು ಜಾರ್ತವೆ, ಲೋಡ್ ಬಿದ್ದಾಗ ಆಯಿಲ್ ಪದರ ಹರಿದೋಗುತ್ತೆ, ಆಗ ಹಲ್ಲನ್ನ ಕಾಯೋದು ಗಂಧಕ-ರಂಜಕದ ಅಡಿಟಿವ್ವು. ಜಿಎಲ್-5ರಲ್ಲಿ ಅದು ಜಾಸ್ತಿ, ಜಿಎಲ್-4ರಲ್ಲಿ ಹೆಚ್ಚುಕಮ್ಮಿ ಅದರರ್ಧ. ಹಂಗಾಗಿ ಕ್ರೌನಿಗೆ ಜಿಎಲ್-5.

ಗೇರ್ ಬಾಕ್ಸಿನ ಕತೆ ಉಲ್ಟಾ. ಅದ್ರೊಳಗೆ ಗೇರಿನ ಸ್ಪೀಡು ಹೊಂದಿಸೋ ಸಿಂಕ್ರೋ ರಿಂಗು ಸುಮಾರು ಗಾಡಿಗಳಲ್ಲಿ ಹಿತ್ತಾಳೆದು. ಅದಕ್ಕೆ ಸ್ವಲ್ಪ ಹಿಡಿತ ಬೇಕು, ಜಿಎಲ್-5 ಅತಿಯಾಗಿ ಜಾರ್ತದೆ, ರಿಂಗು ಹಿಡಿಯೋದ್ರೊಳಗೇ ಹಲ್ಲಿಗೆ ಹಲ್ಲು ತಾಗಿ ಕರ್ರ್. ಸಾಲದ್ದಕ್ಕೆ ಬಿಸಿಯಲ್ಲಿ ಆ ಗಂಧಕ ಹಿತ್ತಾಳೆನ ತಿನ್ನೋದೂ ಉಂಟು. ಹಳೇ ಓನರ್ ಕ್ರೌನ್ ಆಯಿಲ್ಲನ್ನೇ ಗೇರ್ ಬಾಕ್ಸಿಗೂ ಸುರಿಸಿರ್ಬೋದು ಅಂತ ನಂಗೆ ಗುಮಾನಿ. ಗಾಡಿ ಬುಕ್ಕಲ್ಲಿ 75ಡಬ್ಲ್ಯೂ-90 ಜಿಎಲ್-4 ಅಂತಿದ್ರೆ ಅದನ್ನೇ ಹಾಕ್ಸಿ, ಡಬ್ಲ್ಯೂಗೆ ಮುಂಚೆ ಬರೋ ನಂಬರ್ (ಇಲ್ಲಿ 75) ಕಮ್ಮಿ ಇದ್ದಷ್ಟೂ ಮಾಗಿ ಚಳಿಯಲ್ಲೂ ಬೇಗ ಹರೀತದೆ. ಸರಿಯಾದ ಆಯಿಲ್ ಹಾಕಿ ಗಾಡಿ ಕಾದ ಮೇಲೂ ಕರ್ರ್ ಅನ್ನೋದು ನಿಲ್ಲದಿದ್ರೆ ರಿಂಗೇ ಸವೆದಿರ್ಬೋದು, ಆವಾಗ ಯಾವ ಆಯಿಲ್ಲೂ ಉಳಿಸಲ್ಲ. ಟ್ರಾನ್ಸ್‌ಫರ್ ಕೇಸನ್ನ, ಅಂದ್ರೆ ಮುಂದಿನ-ಹಿಂದಿನ ಚಕ್ರಕ್ಕೆ ಶಕ್ತಿ ಹಂಚೋ ಡಬ್ಬಾನ, ನಿಮ್ ಮೆಕ್ಯಾನಿಕ್ಕು ಲೆಕ್ಕಕ್ಕೇ ಹಿಡಿದಿಲ್ಲ ನೋಡಿ! ಕೆಲವು ಗಾಡಿಗೆ ಗೇರ್ ಆಯಿಲ್, ಕೆಲವಕ್ಕೆ ತೆಳ್ಳಗಿರೋ ಎಟಿಎಫ್ (ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಆಯಿಲ್), ಅಂದಾಜಿಗೆ ಹಾಕ್ಬೇಡಿ, ಬುಕ್ಕೇ ಗತಿ.

ಈಗ ನಾಲೆ ನೀರಿನ ವಿಷ್ಯ, ನನ್ ಕೇಳಿದ್ರೆ ಗೇರಿಗಿಂತ ಇದೇ ದೊಡ್ಡದು. ಲೋಡ್ ಎಳೆದು ಬಿಸಿಯಾಗಿರೋ ಕ್ರೌನು ತಣ್ಣೀರಿಗೆ ಇಳಿದ ಕೂಡ್ಲೆ ಒಳಗಿನ ಗಾಳಿ ಕುಗ್ತದೆ, ಮೇಲೆ ಗಾಳಿ ಆಡೋಕೆ ಇರೋ ಬ್ರೀದರ್ ಕೆಸರು ತಿಂದು ಮುಚ್ಚಿದ್ರೆ ಸೀಲ್ ಸಂದಿಯಿಂದ ನೀರನ್ನೇ ಎಳ್ಕೊಳ್ತದೆ. ಡ್ರೈನ್ ನಟ್ ಬಿಚ್ಚಿದಾಗ ಆಯಿಲ್ ಹಾಲು ಹೆಚ್ಚಾದ ಟೀ ಬಣ್ಣಕ್ಕೆ ಬಂದ್ರೆ ನೀರು ಹೋಗಿದೆ, ಇನ್ನು ಅನುಮಾನ ಬೇಡ. ಡೀಸೆಲ್ ಹಾಕಿ ತೊಳೀತೀನಿ ಅಂದ್ರೆ ಒಪ್ಬೇಡಿ, ಮೂಲೆಲಿ ಉಳಿದ ಡೀಸೆಲ್ಲು ಹೊಸ ಆಯಿಲ್ಲನ್ನ ತೆಳ್ಳಗೆ ಮಾಡ್ತದೆ. ಅದೇ ಗ್ರೇಡಿನ ಕಮ್ಮಿ ರೇಟಿನ ಆಯಿಲ್ ಹಾಕಿ ಸ್ವಲ್ಪ ಓಡ್ಸಿ ಇಳಿಸಿ, ಆಮೇಲೆ ಒಳ್ಳೇದು ತುಂಬ್ಸಿ. ಬ್ರೀದರಿಗೆ ಒಂದು ರಬ್ಬರ್ ಪೈಪ್ ಸಿಗಿಸಿ ಮೇಲಕ್ಕೆ ಎತ್ತಿ ಕಟ್ಟಿಸ್ಕೊಂಡ್ರೆ ಅರ್ಧ ತಲೆನೋವು ಹೋಯ್ತು, ಖರ್ಚೂ ಹೇಳ್ಕೊಳೋವಷ್ಟಿಲ್ಲ. ಮುಂದಿನ ಕ್ರೌನನ್ನೂ ಬಿಚ್ಚಿ ನೋಡ್ಸಿ, 'ಫೋರ್ ವೀಲ್ ಹಾಕೋದೇ ಅಪರೂಪ' ಅಂತ ಅದನ್ನ ಯಾರೂ ಮುಟ್ಟಲ್ಲ, ಆದ್ರೆ ನೀರಿಗೆ ಅದೇ ಅಲ್ವಾ ಮೊದಲು ಇಳಿಯೋದು.

ಬದಲಾಯಿಸ್ವಾಗ ಮೊದಲು ಮೇಲಿನ ಫಿಲ್ಲರ್ ನಟ್ ಬಿಚ್ತದಾ ನೋಡಿ, ಆಮೇಲೆ ಕೆಳಗಿಂದು. ಆಯಿಲ್ಲೆಲ್ಲಾ ಇಳಿಸಿ ಆದ್ಮೇಲೆ ಫಿಲ್ಲರ್ ಜಾಮ್ ಅಂದ್ರೆ ಗಾಡಿ ಅಲ್ಲೇ ಠಿಕಾಣಿ. ಸ್ವಲ್ಪ ಓಡ್ಸಿ ಬೆಚ್ಚಗಿರೋವಾಗ ಇಳ್ಸಿ. ಡ್ರೈನ್ ನಟ್ಟಿನ ಆಯಸ್ಕಾಂತಕ್ಕೆ ಬೂದಿ ಬಣ್ಣದ ನುಣ್ಣನೆ ಪೇಸ್ಟ್ ಅಂಟಿದ್ರೆ ಒರೆಸಿ ಬಿಡಿ, ಬೆರಳಿಗೆ ಚುಚ್ಚೋ ಚೂರು ಸಿಕ್ರೆ ಒಳಗೆ ಹಲ್ಲೋ ಬೇರಿಂಗೋ ಹೋಗ್ತಾ ಇದೆ. ವಾಷರ್ ಹೊಸದು. ತುಂಬ್ಸೋವಾಗ ಗಾಡಿ ಮಟ್ಟಸವಾಗಿ ನಿಂತಿರ್ಲಿ, ಒಂದು ಕಡೆ ಜಾಕ್ ಕೊಟ್ಟು ಎತ್ತಿದ್ರೆ ಲೆವೆಲ್ಲು ಸುಳ್ಳು ಹೇಳ್ತದೆ. ಫಿಲ್ಲರ್ ತೂತಿಂದ ಆಯಿಲ್ ಆಚೆ ತೊಟ್ಟಿಕ್ಕೋಕೆ ಶುರುವಾದ್ರೆ ಸಾಕು. ಹಳೇ ಆಯಿಲ್ ನಾಲೆಗೆ ಮಾತ್ರ ಸುರೀಬೇಡಿ ಮಾರಾಯ್ರೆ.

ಪ್ರಶ್ನೆ: ಮೈಸೂರು ರಿಂಗ್ ರೋಡಲ್ಲಿ ಸುಮ್ನೆ ಟೆಸ್ಟ್ ಮಾಡಾಣ ಅಂತ ನಾಲ್ಕೂ ಚಕ್ರದ 4ಹೆಚ್ ಹಾಕಿ ಓಡ್ಸಿದೆ, ತಿರುವಲ್ಲಿ ಗಾಡಿ ಹಿಡಿದಂಗಾಯ್ತು, ವಾಪಸ್ ಎರಡೇ ಚಕ್ರದ 2ಹೆಚ್‌ಗೆ ಬರ್ಲೇ ಇಲ್ಲ. ಟ್ರಾನ್ಸ್‌ಫರ್ ಕೇಸ್ ಆಯಿಲ್ ಕಮ್ಮಿಯಾಗಿದ್ಯಾ?

ಉತ್ತರ: ಲೆವೆಲ್ ಒಂದ್ಸಲ ನೋಡ್ಸಿ, ಆದ್ರೆ ಇದು ಆಯಿಲ್ ತಪ್ಪಲ್ಲ ಅನ್ಸುತ್ತೆ. ಬೇಕಾದಾಗ ಮಾತ್ರ ಹಾಕೋ ಪಾರ್ಟ್ ಟೈಮ್ ಫೋರ್ ವೀಲಲ್ಲಿ ಮುಂದಿನ ಹಿಂದಿನ ಶಾಫ್ಟ್ ಒಂದಕ್ಕೊಂದು ಬಿಗಿದ್ಕೊಂಡಿರ್ತವೆ, ತಿರುವಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಓಡ್ಬೇಕು, ಒಣ ಟಾರಲ್ಲಿ ಟೈರು ಜಾರೋಕೆ ಆಗಲ್ಲ, ಆ ಬಿಗಿಯೆಲ್ಲಾ ಗೇರಿನ ಮೇಲೇ ಕೂರ್ತದೆ. ಸ್ಟೀರಿಂಗ್ ನೆಟ್ಟಗಿಟ್ಟು ಸ್ವಲ್ಪ ರಿವರ್ಸ್ ತಗೊಳಿ, ಸಡಿಲಾಗಿ ಬಿಟ್ಕೊಳ್ತದೆ. ಮುಂದಿನ ಸಲ ಟೆಸ್ಟಿಗೆ ಉತ್ತ ಗದ್ದೆ ಹುಡುಕ್ಕೊಳಿ.