ಓದುಗರ ಪ್ರಶ್ನೆ: ಖಾತೆ ಅಳಿಸಬೇಕೆ, ತಡೆಹಿಡಿದರೆ ಸಾಕೆ?

ಪ್ರಶ್ನೆ: ನಮ್ಮದು ಗಂಗಾವತಿಯಲ್ಲೊಂದು ಅಕ್ಕಿ ಗಿರಣಿ. ಲೆಕ್ಕಪತ್ರಗಳೆಲ್ಲ ಲಿನಕ್ಸ್ ಸರ್ವರ್‌ನಲ್ಲಿವೆ. ಭತ್ತದ ಸುಗ್ಗಿಗೆ ಮಾತ್ರ ಬರುವ ಗುಮಾಸ್ತರ ಪಾಸ್‌ವರ್ಡ್‌ಗಳನ್ನು ಉಳಿದ ತಿಂಗಳುಗಳಲ್ಲಿ ಲಾಕ್ ಮಾಡಿದ್ದೆವು. ಆದರೂ ಒಬ್ಬರು ತಮ್ಮ ಊರಿನಿಂದಲೇ ಲಾಗಿನ್ ಆಗಿದ್ದಾರೆ. ಖಾತೆಗಳನ್ನು ಅಳಿಸಿಬಿಡೋಣವೇ?
— ಓದುಗರೊಬ್ಬರು, ಕೊಪ್ಪಳ ಜಿಲ್ಲೆ

ಉತ್ತರ: ಅಳಿಸಬೇಡಿ. ಲಿನಕ್ಸ್‌ನಂಥ ಯೂನಿಕ್ಸ್ ಮಾದರಿಯ ವ್ಯವಸ್ಥೆ ಕಡತದ ಒಡೆಯರನ್ನು ಹೆಸರಿನಿಂದಲ್ಲ, ಸಂಖ್ಯೆಯಿಂದ ಗುರುತಿಸುತ್ತದೆ. ಅಳಿಸಿದ ಖಾತೆಯ ಸಂಖ್ಯೆ ಮುಂದೆ ಬೇರೊಬ್ಬರಿಗೆ ಸಿಕ್ಕರೆ ಹಳಬರ ಕಡತಗಳೆಲ್ಲ ಹೊಸಬರ ಪಾಲಾಗುತ್ತವೆ.

ನೀವು ಮಾಡಿದ ಲಾಕ್‌ನಿಂದ ಆಗುವುದಿಷ್ಟೇ: ಪಾಸ್‌ವರ್ಡ್‌ಗಳ ಗೂಢರೂಪವನ್ನಿಡುವ ಶ್ಯಾಡೋ ಕಡತದಲ್ಲಿ ಆ ಬಳಕೆದಾರರ ಸಾಲಿನ ಎರಡನೆಯ ಅಂಕಣದಲ್ಲಿರುವ ಪಾಸ್‌ವರ್ಡ್‌ನ ಗೂಢರೂಪದ ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ ಸೇರಿಕೊಂಡು, ಯಾವ ಪಾಸ್‌ವರ್ಡ್ ಕೊಟ್ಟರೂ ತಾಳೆಯಾಗದಂತಾಗುತ್ತದೆ. ದೂರದಿಂದ ಲಾಗಿನ್ ಆಗುವ ಎಸ್ಎಸ್ಎಚ್‌ಗೆ ಪಾಸ್‌ವರ್ಡ್ ಬದಲು ತೋರಿಸುವ ಗುರುತಿನ ಕಡತ, ಅಂದರೆ ಕೀ, ಇಟ್ಟುಕೊಂಡವರಿಗೆ ಪಾಸ್‌ವರ್ಡ್ ಕೇಳುವ ಪ್ರಸಂಗವೇ ಬರುವುದಿಲ್ಲವಾದ್ದರಿಂದ, ಲಾಗಿನ್ ಪರಿಶೀಲಿಸುವ ಪ್ಯಾಮ್ ವ್ಯವಸ್ಥೆಯೊಂದಿಗೆ ಎಸ್ಎಸ್ಎಚ್ ನಡೆಯುವ ಲಿನಕ್ಸ್‌ಗಳಲ್ಲಿ ಅವರು ಸಲೀಸಾಗಿ ಒಳಬರುತ್ತಾರೆ. ನಿಮ್ಮ ಗುಮಾಸ್ತರ ಹೋಮ್ ಫೋಲ್ಡರ್‌ನಲ್ಲಿ ಒಪ್ಪಿದ ಕೀಗಳ ಪಟ್ಟಿಯಾದ ಆಥರೈಸ್ಡ್ ಕೀಸ್ ಎಂಬ ಕಡತವಿದೆಯೇ ನೋಡಿ, ಬಹುತೇಕ ಇರುತ್ತದೆ.

ಆದ್ದರಿಂದ ಪಾಸ್‌ವರ್ಡನ್ನಷ್ಟೇ ಅಲ್ಲ, ಖಾತೆಯ ಅವಧಿಯನ್ನೇ ಮುಗಿಸಬೇಕು. ಯೂಸರ್‌ಮಾಡ್ ಆಜ್ಞೆಯ ಸಣ್ಣ ಇ ಆಯ್ಕೆಗೆ 1 ಎಂದು ಕೊಟ್ಟರೆ ಖಾತೆಯ ಕೊನೆಯ ದಿನ 1970ರ ಜನವರಿ 2 ಎಂದಾಗುತ್ತದೆ, ಕೀ ಇದ್ದವರಿಗೂ ಪ್ರವೇಶ ನಿಲ್ಲುತ್ತದೆ. ಇಲ್ಲಿ ಸೊನ್ನೆ ಕೊಡಬೇಡಿ. ಅದನ್ನು ಅವಧಿಯೇ ಇಲ್ಲವೆಂದು ಓದುವ ವ್ಯವಸ್ಥೆಗಳೂ ಇರಬಹುದೆಂದು ಕೈಪಿಡಿಯೇ ಎಚ್ಚರಿಸುತ್ತದೆ. ನಿಮ್ಮಂಥ ಹಂಗಾಮಿ ಕೆಲಸಕ್ಕಂತೂ, ಗುಮಾಸ್ತರು ಬಂದ ದಿನವೇ ಸುಗ್ಗಿ ಮುಗಿಯುವ ತಾರೀಖನ್ನು ಇದೇ ಆಯ್ಕೆಗೆ ಬರೆದಿಡುವುದು ಮೇಲು: ಆಮೇಲೆ ಯಾರೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಅವರು ಮರಳಿದಾಗ ಚೇಜ್ ಆಜ್ಞೆಯ ದೊಡ್ಡ ಇ ಆಯ್ಕೆಗೆ ಮೈನಸ್ 1 ಕೊಟ್ಟು ಅವಧಿಯನ್ನು ತೆಗೆದುಹಾಕಿ, ಯೂಸರ್‌ಮಾಡ್‌ನ ದೊಡ್ಡ ಯು ಆಯ್ಕೆಯಿಂದ ಪಾಸ್‌ವರ್ಡನ್ನೂ ಅನ್‌ಲಾಕ್ ಮಾಡಿದರೆ ಹಳೆಯ ಪಾಸ್‌ವರ್ಡೇ ನಡೆಯುತ್ತದೆ.

ಅವಧಿ ಮುಗಿದರೂ ಆಗಲೇ ಒಳಗಿರುವವರು ಹೊರಬೀಳುವುದಿಲ್ಲ. ಅವರ ಹೆಸರಿನಲ್ಲಿ ನಡೆಯುತ್ತಿರುವ ಪ್ರೋಸೆಸ್‌ಗಳನ್ನು ಪಿಕಿಲ್ ಆಜ್ಞೆಯಿಂದ ನಿಲ್ಲಿಸಿ, ನಿಗದಿತ ವೇಳೆಗೆ ತಾವಾಗಿ ನಡೆಯುವ ಕೆಲಸಗಳ ಪಟ್ಟಿಯಾದ ಕ್ರಾನ್‌ಟ್ಯಾಬ್‌ನಲ್ಲಿ ಏನಿದೆಯೆಂದೂ ಒಮ್ಮೆ ನೋಡಿ. ಗಿರಣಿಯ ವಿಂಡೋಸ್ ಕಂಪ್ಯೂಟರ್‌ಗಳು ಸಾಂಬಾ ಮೂಲಕ ಕಡತ ಹಂಚಿಕೊಳ್ಳುತ್ತಿದ್ದರೆ ಅಲ್ಲಿನ ಪಾಸ್‌ವರ್ಡ್ ಸಾಮಾನ್ಯವಾಗಿ ಬೇರೆಯೇ ಇರುತ್ತದೆ. ಅದನ್ನು ಎಸ್ಎಂಬಿಪಾಸ್‌ಡಬ್ಲ್ಯುಡಿ ಆಜ್ಞೆಯ ಸಣ್ಣ ಡಿ ಆಯ್ಕೆಯಿಂದ ಪ್ರತ್ಯೇಕವಾಗಿ ತಡೆಹಿಡಿಯಬೇಕು.