ಹೂಂ ಅಂದವರು, ಊಹೂಂ ಅನ್ನಲಾಗದವರು

ನಿಮ್ಮ ಪತ್ರ ಎರಡು ಸಲ ಓದಿದೆ. ಮುಂದಿನ ತಿಂಗಳು ಜರ್ಮನಿಗೆ ಬರ್ತಿದ್ದೀರಿ. ಬಂದ ಕೂಡಲೇ ಎಂಟು ಜನರ ತಂಡ ನೋಡಿಕೊಳ್ಳಬೇಕು, ಅವರಲ್ಲಿ ಮೂವರು ನಿಮ್ಮ ಹಾಗೇ ಹೊರದೇಶದಿಂದ ಬಂದವರು. "ಅಕ್ಕಾ, ಅಲ್ಲಿನವರು ಮುಖಕ್ಕೆ ಹೊಡೆದ ಹಾಗೆ ಮಾತಾಡ್ತಾರಂತೆ. ಅಂಥವರ ಮುಂದೆ ಒಳ್ಳೆಯ ಲೀಡರ್ ಅನ್ನಿಸಿಕೊಳ್ಳಬೇಕು, ನನ್ನ ಪ್ರಾಮಾಣಿಕತೆಯನ್ನೂ ಬಿಡಬಾರದು. ಹೇಗೆ?" ಅಂತ ಕೇಳಿದ್ದೀರಿ. ಚಳಿ, ಬಾಡಿಗೆ ಮನೆ, ಭಾಷೆ ಇವುಗಳ ಬಗ್ಗೆ ಎಲ್ಲರೂ ಕೇಳ್ತಾರೆ. ಇದನ್ನ ಕೇಳಿದವರು ನೀವೇ ಮೊದಲು. ಹಾಗಾಗಿ ಸ್ವಲ್ಪ ಉದ್ದ ಆದರೂ ಬೇಜಾರು ಮಾಡಿಕೊಳ್ಳಬೇಡಿ.

ಮುಖಕ್ಕೆ ಹೊಡೆದ ಹಾಗೆ ಮಾತಾಡೋದರ ಬಗ್ಗೆ ಚಿಂತೆ ಬಿಡಿ, ಮೂರು ತಿಂಗಳಲ್ಲಿ ಒಗ್ಗಿಹೋಗುತ್ತೆ. ಈ ಲೆಕ್ಕ ತಪ್ಪಿದೆ ಅಂದರೆ ಲೆಕ್ಕ ತಪ್ಪಿದೆ ಅಂತಲೇ ಅರ್ಥ, ನೀವು ದಡ್ಡರು ಅಂತಲ್ಲ. ನನ್ನನ್ನ ಕಾಡಿದ್ದು ಅವರ ಮಾತಲ್ಲ, ನನ್ನದೇ ಬಾಯಿಂದ ಸಲೀಸಾಗಿ ಬರ್ತಿದ್ದ "ಆಗುತ್ತೆ" ಅನ್ನೋ ಒಂದು ಮಾತು.

ನಾನು ಬಂದಿದ್ದು 2008ರಲ್ಲಿ. ಹೊರಗಿನಿಂದ ಬರೋ ನುರಿತ ಕೆಲಸಗಾರರಿಗೆ ಈಗ ಕೊಡೋ ವಾಸ ಮತ್ತು ಕೆಲಸದ ಪರವಾನಗಿ, ಬ್ಲೂ ಕಾರ್ಡ್, ಇಲ್ಲಿ ಇನ್ನೂ ಶುರುವಾಗಿರಲಿಲ್ಲ, ಅದು ಬಂದಿದ್ದು 2012ರಲ್ಲಿ. ಪಾಸ್‌ಪೋರ್ಟಿಗೆ ಅಂಟಿಸಿದ್ದ ನನ್ನ ಪರವಾನಗಿಯ ಮೇಲೆ ಕಂಪನಿಯ ಹೆಸರೂ ಅಚ್ಚಾಗಿತ್ತು: ಈ ಕಂಪನಿಯಲ್ಲಿ ಈ ಕೆಲಸ ಮಾಡಲು ಮಾತ್ರ ಅನುಮತಿ. ದಿನಾ ಬೆಳಗ್ಗೆ ಅದನ್ನೇನೂ ತೆಗೆದು ನೋಡ್ತಿರಲಿಲ್ಲ. ಆದರೆ ಮ್ಯಾನೇಜರ್ ಏನಾದರೂ ಕೇಳಿದಾಗ ಉತ್ತರ ಕೊಡ್ತಿದ್ದದ್ದು ನಾನಲ್ಲ, ಆ ಕಾಗದ. ನಾಲ್ಕು ವರ್ಷ ಎಲ್ಲದಕ್ಕೂ "ಆಗುತ್ತೆ" ಅಂದೆ. ಹಾಗೆ ಅಂದಿದ್ದಕ್ಕೇ ಇರಬೇಕು, ತಂಡದ ಹೊಣೆ ಕೊಟ್ಟರು.

ಹೊಣೆ ಬಂದು ಕೆಲವೇ ತಿಂಗಳಿಗೆ ಒಂದು ಮೀಟಿಂಗು. ಗ್ರಾಹಕರು ಒಂದು ತಾರೀಕು ಮುಂದಿಟ್ಟರು. ಪರೀಕ್ಷೆ ಅರ್ಧವೂ ಮುಗಿದಿರಲಿಲ್ಲ, ಅದು ನನಗೂ ಗೊತ್ತು, ಪಕ್ಕದಲ್ಲಿ ಕೂತ ನಮ್ಮ ಹಿರಿಯ ಎಂಜಿನಿಯರ್‌ಗೂ ಗೊತ್ತು. "ಆಗುತ್ತೆ" ಅಂದೆ. ಮೀಟಿಂಗ್ ಮುಗಿದ ಮೇಲೆ ಲೆಕ್ಕ ಹಾಕಿದರೆ ಸತತ ಮೂರು ಶನಿವಾರ ಎಲ್ಲರೂ ಬಂದು ಕೂತರೆ ಮಾತ್ರ ಸಾಧ್ಯ. ಒಬ್ಬೊಬ್ಬರನ್ನೇ ಕೇಳಿದೆ, ಎಲ್ಲರೂ ಒಪ್ಪಿದರು. ನಂಗೆ ಒಳಗೊಳಗೇ ಹೆಮ್ಮೆ, ಎಂಥಾ ತಂಡ ಕಟ್ಟಿದೀನಿ ಅಂತ.

ಇಲ್ಲಿ ಬೆಟ್ರೀಬ್ಸ್‌ರಾಟ್ ಅಂತ ಒಂದಿದೆ. ಐದು ಅಥವಾ ಹೆಚ್ಚು ಕಾಯಂ ನೌಕರರಿರೋ ಜಾಗದಲ್ಲಿ ನೌಕರರು ತಮ್ಮೊಳಗೇ ಆರಿಸಿಕೊಳ್ಳಬಹುದಾದ ಮಂಡಳಿ. ಈಗಿರೋ ಕಾನೂನು 1972ರದ್ದು. ಅದನ್ನ ಒಂದು ಕಾಟ ಅಂತಲೇ ಅಂದುಕೊಂಡಿದ್ದೆ, ಬಹಳಷ್ಟು ಹೊಸ ಲೀಡರ್‌ಗಳು ಹಾಗೇ ಅಂದುಕೊಳ್ತಾರೆ. ಮಂಡಳಿ ಇರೋ ಕಡೆ ಹೆಚ್ಚುವರಿ ಗಂಟೆ ಕೆಲಸ ಮಾಡಿಸೋಕೆ ಅದರ ಒಪ್ಪಿಗೆ ಬೇಕೇ ಬೇಕು. ನನ್ನ ಅರ್ಜಿ ತಗೊಂಡು ಹೋದೆ. ಅಧ್ಯಕ್ಷರು ಓದಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಂಡದವರನ್ನ ಕೇಳಿದಿರಾ?"

"ಕೇಳಿದೆ, ಎಲ್ಲರೂ ಹೂಂ ಅಂದರು."

"ಸರಿ. ಅವರಲ್ಲಿ ಯಾರು ಊಹೂಂ ಅನ್ನಬಹುದಿತ್ತು?"

ಉತ್ತರ ಕೊಡೋಕೆ ಬಾಯಿ ತೆರೆದೆ, ಮಾತು ಬರಲಿಲ್ಲ. ಆರು ಜನರಲ್ಲಿ ಇಬ್ಬರ ಪರವಾನಗಿ ನನ್ನ ಹಾಗೇ ಕಂಪನಿಗೆ ಕಟ್ಟಿದ್ದು. ಒಬ್ಬ ಪ್ರೋಬೆತ್ಸೈಟ್‌ನಲ್ಲಿದ್ದ. ಅಂದರೆ ಪರೀಕ್ಷಾ ಅವಧಿ, ಹೆಚ್ಚೆಂದರೆ ಆರು ತಿಂಗಳು, ಆಗ ಎರಡೇ ವಾರದ ನೋಟಿಸ್ ಕೊಟ್ಟು ಕಳಿಸಬಹುದು. ಇನ್ನೊಬ್ಬಳು ಹೆರಿಗೆ ರಜೆ ಮುಗಿಸಿ ಹೊಸದಾಗಿ ಬಂದವಳು, ನಾನೆಲ್ಲಿ ಹಿಂದೆ ಬಿದ್ದೆ ಅನ್ನಿಸಿಕೊಳ್ತೀನೋ ಅನ್ನೋ ಅಳುಕು ಅವಳಿಗೆ. ನಿಜವಾಗಿ ಊಹೂಂ ಅನ್ನಬಲ್ಲವರು ಇಬ್ಬರೇ ಇದ್ದರು. ಆ ಇಬ್ಬರೂ, ಉಳಿದವರನ್ನ ಒಂಟಿ ಮಾಡಬಾರದು ಅಂತ ಒಪ್ಪಿದ್ದರು ಅಂತ ಆಮೇಲೆ ತಿಳೀತು.

ಮೀಟಿಂಗಿನಲ್ಲಿ ನಾನು ಆಡಿದ ಒಂದು ಸುಳ್ಳಿನ ಸಾಲ ತೀರಿಸೋಕೆ ಹೊರಟಿದ್ದು ಅವರ ಶನಿವಾರಗಳು. ಅಷ್ಟು ದಿನ "ಆಗುತ್ತೆ" ಅನ್ನೋದನ್ನ ಸುಳ್ಳು ಅಂತ ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಉತ್ಸಾಹ, ಧೈರ್ಯ, ಸಕಾರಾತ್ಮಕ ಮನೋಭಾವ, ಅದಕ್ಕೆ ಎಷ್ಟೊಂದು ಒಳ್ಳೊಳ್ಳೆ ಹೆಸರುಗಳು ನೋಡಿ.

ಒಪ್ಪಿಗೆ ಸಿಗಲಿಲ್ಲ. ಗ್ರಾಹಕರಿಗೆ ಫೋನ್ ಮಾಡಿ, ನಾನು ಕೊಟ್ಟ ತಾರೀಕು ತಪ್ಪು, ಕೊಡುವಾಗಲೇ ತಪ್ಪು ಅಂತ ನನಗೆ ಗೊತ್ತಿತ್ತು ಅಂದೆ. ಆ ಎರಡನೇ ವಾಕ್ಯ ಹೇಳೋದು ಬೇಡ ಅಂತ ಮ್ಯಾನೇಜರ್ ಅಂದಿದ್ದರು, ನಾನೇ ಸೇರಿಸಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಹೊಸ ತಾರೀಕು ಕೇಳಿದರು, ಮೂರು ವಾರ ಮುಂದೆ ಹೋಯ್ತು, ಅಷ್ಟೇ. ಆಕಾಶವೇನೂ ಕಳಚಿ ಬೀಳಲಿಲ್ಲ. ನನ್ನ ಮ್ಯಾನೇಜರ್ ಮಾತ್ರ ವಾರಗಟ್ಟಲೆ ಸರಿಯಾಗಿ ಮಾತಾಡಲಿಲ್ಲ.

ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಇರೋದು ಇದೊಂದೇ ಉತ್ತರ. ನೀವು ಪ್ರಾಮಾಣಿಕರಾಗಿದ್ದರೆ ಸಾಲದು. ನಿಮ್ಮ ಕೈಕೆಳಗಿನವರು ನಿಮಗೆ ಊಹೂಂ ಅಂದರೆ ಅವರು ಕಳೆದುಕೊಳ್ಳೋದೇನು ಅಂತ ನಿಮಗೆ ಗೊತ್ತಿರಬೇಕು, ಮತ್ತು ಅದನ್ನ ಕಡಿಮೆ ಮಾಡೋದು ನಿಮ್ಮ ಕೆಲಸ. ಹೊರಗಿನಿಂದ ಬಂದವರ ವಿಷಯದಲ್ಲಿ ಇದು ಎರಡು ಪಟ್ಟು. ಕೆಲಸ ಅವಧಿಗೆ ಮುಂಚೆ ಹೋದರೆ ಅವರು ಎರಡು ವಾರದೊಳಗೆ, ಪರವಾನಗಿ ಕೊಡೋ ವಿದೇಶೀಯರ ಕಚೇರಿಗೆ ತಿಳಿಸಬೇಕು. ಬ್ಲೂ ಕಾರ್ಡ್ ಇದ್ದವರಿಗೆ ಕಾಯಂ ನಿವಾಸ ಸಿಗೋದು 27 ತಿಂಗಳಿಗೆ, ಬಿ1 ಮಟ್ಟದ ಜರ್ಮನ್ ಇದ್ದರೆ 21ಕ್ಕೆ. ಅಲ್ಲಿವರೆಗೂ ಅವರ ತಲೆಯಲ್ಲಿ ತಿಂಗಳುಗಳ ಎಣಿಕೆ ನಡೀತಾನೇ ಇರುತ್ತೆ, ನಿಮ್ಮ ತಲೆಯಲ್ಲೂ ನಡೆಯುತ್ತೆ. ಅಂಥವರು ಹೂಂ ಅಂದಾಗ ಅದನ್ನ ಅರ್ಧ ಹೂಂ ಅಂತ ಎಣಿಸಿ. ಕೇಳೋ ರೀತಿ ಬದಲಾಯಿಸಿ. ನಾನೀಗ "ಇದು ಆಗುತ್ತಾ?" ಅಂತ ಕೇಳೋದೇ ಇಲ್ಲ. "ಇದು ಕೆಡೋದಾದರೆ ಎಲ್ಲಿ ಕೆಡುತ್ತೆ?" ಅಂತ ಕೇಳ್ತೀನಿ. ಅದಕ್ಕೆ ಉತ್ತರ ಕೊಡೋರು ಎದುರು ಮಾತಾಡಿದ ಹಾಗೆ ಆಗಲ್ಲ, ಬುದ್ಧಿವಂತಿಕೆ ತೋರಿಸಿದ ಹಾಗೆ ಆಗುತ್ತೆ.

ಕಾನೂನು ಇಲ್ಲಿ ನೌಕರರ ಪರ ಗಟ್ಟಿಯಾಗಿದೆ, ಇನ್ನೇನು ಭಯ ಅಂತ ನಿಮಗೆ ಅನ್ನಿಸಬಹುದು. ಗಟ್ಟಿ ಇರೋದು ನಿಜ. ಮಂಡಳಿ ಇರೋ ಕಡೆ ಅದರ ಅಭಿಪ್ರಾಯ ಕೇಳದೆ ಯಾರನ್ನಾದರೂ ತೆಗೆದರೆ ಆ ವಜಾ ಆದೇಶವೇ ಊರ್ಜಿತವಲ್ಲ. ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ 11 ಗಂಟೆ ಬಿಡುವು ಇರಲೇಬೇಕು. ಆದರೆ ರಾತ್ರಿ ಹನ್ನೊಂದಕ್ಕೆ ನೀವು ಒಂದು ಮೇಲ್ ಕಳಿಸಿದರೆ ಆ ಹೊಸ ಹುಡುಗ ಹನ್ನೊಂದೂ ಐದಕ್ಕೆ ಉತ್ತರ ಕೊಡ್ತಾನೆ, ಕಾನೂನಿನ ಪುಸ್ತಕ ಕಪಾಟಿನಲ್ಲೇ ಇರುತ್ತೆ. ನಾನು ಎರಡು ವರ್ಷ ಹೀಗೆ ರಾತ್ರಿ ಮೇಲ್ ಕಳಿಸ್ತಿದ್ದೆ. ಕೊನೆಯಲ್ಲಿ "ಅವಸರವಿಲ್ಲ" ಅಂತ ಬೇರೆ ಬರೀತಿದ್ದೆ. ಅವಸರವಿಲ್ಲದಿದ್ದರೆ ಬೆಳಗ್ಗೆ ಕಳಿಸಬಹುದಿತ್ತಲ್ಲ.

ಕಾಳಜಿ ಅಂದುಕೊಂಡು ಮಾಡಿದ ಒಂದು ತಪ್ಪೂ ಹೇಳಿಬಿಡ್ತೀನಿ. ತಂಡದವಳೊಬ್ಬಳು ಮೂರು ವಾರ ಕಾಯಿಲೆ ರಜೆಯಲ್ಲಿದ್ದು ಬಂದಳು. ಎಲ್ಲರೆದುರು ಪ್ರೀತಿಯಿಂದಲೇ "ಏನಾಗಿತ್ತಮ್ಮಾ?" ಅನ್ನೋ ಧಾಟಿಯಲ್ಲಿ ಕೇಳಿದೆ. ಅವಳ ಮುಖ ಇಳಿದುಹೋಯ್ತು. ಇಲ್ಲಿ ಆರು ವಾರದವರೆಗೆ ಕಾಯಿಲೆ ರಜೆಗೆ ಕಂಪನಿಯೇ ಪೂರ್ತಿ ಸಂಬಳ ಕೊಡುತ್ತೆ. ವೈದ್ಯರ ಪ್ರಮಾಣಪತ್ರದಿಂದ ಕಂಪನಿಗೆ ಸಿಗೋ ಮಾಹಿತಿಯಲ್ಲಿ ಎಷ್ಟು ದಿನ ಅಂತ ಇರುತ್ತೆ, ಯಾವ ಕಾಯಿಲೆ ಅಂತ ಇರಲ್ಲ. ತಿಳಿದುಕೊಳ್ಳೋ ಹಕ್ಕೂ ನಮಗಿಲ್ಲ. ನಾನು ಕೇಳಿದ್ದಕ್ಕೆ ಅವಳು ಸುಳ್ಳು ಹೇಳಬೇಕಾಗಿ ಬಂತು, ಏನೋ ಬೆನ್ನುನೋವು ಅಂದಳು. ಅವಳ ಬಾಯಲ್ಲಿ ಆ ಸುಳ್ಳು ಇಟ್ಟಿದ್ದು ನಾನು. ಈಗ ಬಂದವರನ್ನ ಕೇಳೋದು ಒಂದೇ: "ಮೊದಲ ವಾರ ಯಾವ ಕೆಲಸ ನಿಮ್ಮ ತಲೆ ಮೇಲಿಂದ ಇಳಿಸಲಿ?"

ಇನ್ನು ಆರ್ಬೈಟ್ಸ್‌ತ್ಸೋಯ್ಗ್ನಿಸ್. ಹೆಸರು ಬಾಯಲ್ಲಿ ತಿರುಗಲ್ಲ, ಆದರೆ ನಿಮ್ಮ ಪ್ರಾಮಾಣಿಕತೆಗೆ ನಿಜವಾದ ಪರೀಕ್ಷೆ ಇಲ್ಲೇ ಬರೋದು. ಕೆಲಸ ಬಿಟ್ಟು ಹೋಗೋ ಪ್ರತಿಯೊಬ್ಬರಿಗೂ ಅವರ ಕೆಲಸ, ನಡತೆ ಬಗ್ಗೆ ಲಿಖಿತ ಪ್ರಮಾಣಪತ್ರ ಕೇಳೋ ಹಕ್ಕಿದೆ. ಅದು ಸತ್ಯವೂ ಆಗಿರಬೇಕು, ಹಿತ ಬಯಸೋ ಧಾಟಿಯಲ್ಲೂ ಇರಬೇಕು ಅಂತ ನ್ಯಾಯಾಲಯಗಳು ಹೇಳಿವೆ. ಕೆಟ್ಟದ್ದನ್ನ ಸಾಮಾನ್ಯವಾಗಿ ಯಾರೂ ನೇರವಾಗಿ ಬರೆಯಲ್ಲ. ಹಾಗಾಗಿ ಹೊಗಳಿಕೆಯಲ್ಲೇ ಮೆಟ್ಟಿಲುಗಳು ಹುಟ್ಟಿಕೊಂಡವು. "ಯಾವಾಗಲೂ ನಮಗೆ ಅತ್ಯಂತ ಪೂರ್ಣ ತೃಪ್ತಿಯಾಗುವಂತೆ ಕೆಲಸ ಮಾಡಿದರು" ಅಂದರೆ ಮೊದಲ ದರ್ಜೆ. "ಯಾವಾಗಲೂ", "ಅತ್ಯಂತ" ಎರಡೂ ಬಿಟ್ಟು "ಪೂರ್ಣ ತೃಪ್ತಿ" ಅಷ್ಟೇ ಬರೆದರೆ ಸಾಧಾರಣ. ಬರೀ "ತೃಪ್ತಿ" ಅಂದರೆ ಹೇಗೋ ಪಾಸು. "ಪ್ರಯತ್ನಪಟ್ಟರು" ಅಂದರೆ ಮುಗೀತು ಕಥೆ. ಗುಪ್ತ ಅರ್ಥದ ಮಾತು ಬಳಸಬಾರದು ಅಂತ ಕಾನೂನೇ ಹೇಳುತ್ತೆ, ಆದರೂ ಓದೋರೆಲ್ಲ ಹೀಗೇ ಓದ್ತಾರೆ. ಹೊರದೇಶದಿಂದ ಬಂದವರಿಗೆ ಇದು ಗೊತ್ತಿರಲ್ಲ. ತೃಪ್ತಿ ಅಂತ ಬರೆದಿದ್ದಾರೆ, ಎಷ್ಟು ಒಳ್ಳೆಯವರು ಅಂತ ಖುಷಿಯಾಗಿ ತಗೊಂಡು ಹೋಗ್ತಾರೆ.

ನಮ್ಮಲ್ಲಿ ಒಬ್ಬ ಹುಡುಗ ಪ್ರತಿಸ್ಪರ್ಧಿ ಕಂಪನಿಗೆ ಹೊರಟ. ಕೆಲಸದಲ್ಲಿ ಅವನನ್ನ ಮೀರಿಸೋರಿರಲಿಲ್ಲ. ಕರಡು ಬರೆದು ಕಳಿಸಿದೆ. ಮೇಲಿನಿಂದ ವಾಪಸ್ ಬಂದಾಗ ಎರಡೇ ಎರಡು ಪದ ಹಾರಿಹೋಗಿದ್ದವು, ಯಾವುವು ಅಂತ ನಿಮಗೀಗ ಗೊತ್ತು. ಅವನಿಗೆ ಗೊತ್ತಾಗೋದೇ ಇಲ್ಲ, ಯಾರಿಗೂ ಗೊತ್ತಾಗೋದಿಲ್ಲ, ಉಳಿದಿದ್ದೆಲ್ಲ ಹೊಗಳಿಕೆಯೇ. ಸಹಿ ಹಾಕಲ್ಲ ಅಂದೆ. ಎರಡು ವಾರ ಎಳೆದಾಡಿ ಕೊನೆಗೆ ಪದಗಳು ವಾಪಸ್ ಬಂದವು. ಮರುವರ್ಷ ನನಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ಎರಡಕ್ಕೂ ಸಂಬಂಧ ಇದೆ ಅಂತ ಯಾರೂ ಹೇಳಲಿಲ್ಲ, ನನಗೆ ಮಾತ್ರ ಇತ್ತು ಅಂತಲೇ ಅನ್ನಿಸುತ್ತೆ. ಸತ್ಯಕ್ಕೆ ಯಾವಾಗಲೂ ಜಯ ಅಂತ ಬರೆದು ನಿಮಗೆ ಮೋಸ ಮಾಡೋಕೆ ಇಷ್ಟವಿಲ್ಲ. ಆದರೆ ಆ ಹೊತ್ತಿಗೆ ನನ್ನ ಹತ್ತಿರ ಕಾಯಂ ನಿವಾಸ ಇತ್ತು, ಊಹೂಂ ಅನ್ನೋ ಶಕ್ತಿ ಇತ್ತು. 2009ರಲ್ಲಿ ಆಗಿದ್ದರೆ ಸಹಿ ಹಾಕಿಬಿಡ್ತಿದ್ದೆ. ಹಾಗಾಗಿ ಹಾಕಿದವರನ್ನ ಕಂಡರೆ ನನಗೆ ಸಿಟ್ಟು ಬರಲ್ಲ.

ಎಲ್ಲರೂ ಹೂಂ ಅನ್ನೋ ಕೋಣೆ ಎಲ್ಲಿಗೆ ಮುಟ್ಟಬಹುದು ಅನ್ನೋದಕ್ಕೆ ಈ ದೇಶದಲ್ಲಿ ಎಲ್ಲರೂ ಕೊಡೋ ಉದಾಹರಣೆ ಫೋಕ್ಸ್‌ವ್ಯಾಗನ್. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂಸ್ಥೆ ನೋಟಿಸ್ ಹೊರಡಿಸಿತು. ಪರೀಕ್ಷೆ ನಡೀತಿದೆ ಅಂತ ಗುರುತಿಸಿ, ಆಗ ಮಾತ್ರ ಹೊಗೆಯನ್ನ ಹದ್ದುಬಸ್ತಿನಲ್ಲಿಡೋ ಸಾಫ್ಟ್‌ವೇರ್ ಡೀಸೆಲ್ ಕಾರುಗಳಲ್ಲಿತ್ತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳು. ಐದೇ ದಿನದಲ್ಲಿ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. 2017ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಲಯ 40 ತಿಂಗಳ ಜೈಲು ವಿಧಿಸಿದ್ದು ಒಬ್ಬ ಎಂಜಿನಿಯರ್‌ಗೆ. ಆ ಸುದ್ದಿ ಓದಿದಾಗ ನನಗೆ ನೆನಪಾಗಿದ್ದು ನಮ್ಮ ಮಂಡಳಿ ಅಧ್ಯಕ್ಷರ ಕನ್ನಡಕ. ಈಗ 2023ರ ಜುಲೈ 2ರಿಂದ ಅಕ್ರಮದ ಸುಳಿವು ಕೊಡೋರನ್ನ ರಕ್ಷಿಸೋ ಕಾನೂನು ಜಾರಿಯಲ್ಲಿದೆ, 50 ಅಥವಾ ಹೆಚ್ಚು ನೌಕರರಿರೋ ಕಂಪನಿ ಅದಕ್ಕೊಂದು ಒಳದಾರಿ ಇಡಬೇಕು. ಒಳ್ಳೆಯದೇ. ಆದರೆ ನಿಮ್ಮ ತಂಡದವನೊಬ್ಬ ಆ ದಾರಿ ಹಿಡಿಯಬೇಕಾಗಿ ಬಂತು ಅಂದರೆ, ಅದಕ್ಕೂ ಮುಂಚೆ ನಿಮ್ಮ ಬಾಗಿಲಿಗೆ ಬಂದು ತಟ್ಟದೆ ವಾಪಸ್ ಹೋಗಿರ್ತಾನೆ.

ಮೊದಲ ವಾರ ಏನು ಮಾಡಲಿ ಅಂತ ಕೊನೆಯಲ್ಲಿ ಕೇಳಿದ್ದೀರಿ. ಭಾಷಣ ಬೇಡ. ಎಂಟೂ ಜನರ ಜೊತೆ ಬೇರೆ ಬೇರೆಯಾಗಿ ಅರ್ಧ ಗಂಟೆ ಕೂತುಕೊಳ್ಳಿ. ನಿಮಗೆ ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಮೊದಲ ದಿನವೇ, ಎಲ್ಲರೂ ಇರುವಾಗಲೇ ಒಂದು ಸಲ ಹೇಳಿ; ಆಮೇಲೆ ಅವರಿಗೂ ಸುಲಭ. ನಿಮ್ಮ ಪ್ರೋಬೆತ್ಸೈಟ್ ಯಾವಾಗ ಮುಗಿಯುತ್ತೆ, ನಿಮ್ಮ ಕಾರ್ಡ್ ಯಾವತ್ತಿನವರೆಗೆ ಅಂತ ಆ ಮೂವರಿಗೆ ನೀವಾಗೇ ಹೇಳಿ. ಅವರದನ್ನ ಕೇಳಬೇಡಿ. ಹೇಳಬೇಕು ಅನ್ನಿಸಿದವರು ಹೇಳ್ತಾರೆ, ಆಗ ಡೈರಿಯಲ್ಲಿ ಗುರುತು ಹಾಕಿಕೊಳ್ಳಿ. ಎಷ್ಟೋ ಊರುಗಳಲ್ಲಿ ವಿದೇಶೀಯರ ಕಚೇರಿಯ ಅಪಾಯಿಂಟ್‌ಮೆಂಟ್ ಸಿಗೋಕೆ ತಿಂಗಳುಗಳೇ ಹಿಡಿಯುತ್ತೆ, ಸಿಕ್ಕ ದಿನ ಬಿಟ್ಟರೆ ಮತ್ತೆ ಮೊದಲಿಂದ. ಆ ದಿನ ಬೆಳಗ್ಗೆ ನಿಮ್ಮ ತಂಡದ ಮೀಟಿಂಗ್ ಇಟ್ಟುಕೊಳ್ಳಬೇಡಿ.