ಪಪ್ಪಾಯಿ, ಚಹಾ, ಮೊಸರು ತಿಂದು ಕುಡಿದರೆ ಮಾಲಾ-ಎನ್ ಕೆಲಸ ಮಾಡಲ್ವಾ?

ಮದುವೆಯಾದ ಹೊಸದರಲ್ಲಿ ನಾನೂ ಇದನ್ನೇ ಕೇಳುತ್ತಿದ್ದೆ. ಈಗ ದಾವಣಗೆರೆಯಲ್ಲಿ ಔಷಧಿ ಅಂಗಡಿಯ ಕೌಂಟರ್‌ನಲ್ಲಿ ನಿಂತು ಇದಕ್ಕೇ ಉತ್ತರ ಹೇಳುವ ಕೆಲಸ ನನ್ನದು. ನೀವು ಬರೆದಿರುವುದು ಇಷ್ಟು: ಆಶಾ ಅಕ್ಕ ಕೊಟ್ಟ ಗರ್ಭನಿರೋಧಕ ಗುಳಿಗೆ ಮಾಲಾ-ಎನ್‌ನ ಮೂರನೇ ಶೀಟ್ ಮುಗಿಯುತ್ತಿದೆ, ಕಂದು ಗುಳಿಗೆ ವಾರದಲ್ಲಿ ಈ ಸಲ ಮುಟ್ಟು ಬಂದಿಲ್ಲ. ಅತ್ತೆ ಪಪ್ಪಾಯಿ, ಎಳ್ಳುಂಡೆ ಉಷ್ಣ ಅಂತಾರೆ, ಜೊತೆ ಕೆಲಸದವರು ಗುಳಿಗೆ ಮೇಲೆ ಹಾಲು-ಮೊಸರು ಬೇಡ ಅಂತಾರೆ, ಮೊಬೈಲ್‌ನಲ್ಲಿ ಯಾವುದೋ ಹಣ್ಣಿನ ಜ್ಯೂಸ್ ಬೇಡ ಅಂತ ನೋಡಿದ್ದೀರಿ. ಏನು ತಿಂದದ್ದರಿಂದ ಕೆಟ್ಟಿತು ಅನ್ನುವುದು ನಿಮ್ಮ ಪ್ರಶ್ನೆ.

ತಿಂದದ್ದರಿಂದ ಏನೂ ಕೆಟ್ಟಿಲ್ಲ. ಊಟದ ತಟ್ಟೆ ಬಿಡಿ, ಗುಳಿಗೆ ಶೀಟ್ ಕೈಗೆ ತಗೊಳ್ಳಿ.

ಅದರಲ್ಲಿ 28 ಗುಳಿಗೆ ಇರುತ್ತವೆ. ಬಿಳಿಯವು 21, ಒಂದೊಂದರಲ್ಲಿ ಲೆವೊನಾರ್ಜೆಸ್ಟ್ರೆಲ್ 0.15 ಮಿಲಿಗ್ರಾಂ, ಎಥಿನೈಲ್ ಎಸ್ಟ್ರಾಡಯೋಲ್ 0.03 ಮಿಲಿಗ್ರಾಂ. ಗರ್ಭ ನಿಲ್ಲದಂತೆ ಕಾಯುವ ಹಾರ್ಮೋನು ಇವೇ. ಕೊನೆಯ 7 ಕಂದು ಗುಳಿಗೆಯಲ್ಲಿ ಹಾರ್ಮೋನು ಇಲ್ಲವೇ ಇಲ್ಲ, ಬರೀ ಕಬ್ಬಿಣಾಂಶ, ಫೆರಸ್ ಫ್ಯೂಮರೇಟ್ 60 ಮಿಲಿಗ್ರಾಂ. ಬಿಳಿ ಗುಳಿಗೆ ನುಂಗಿದ ಒಂದೆರಡು ಗಂಟೆಯಲ್ಲಿ ಹಾರ್ಮೋನು ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟುತ್ತದೆ. ಹೊಟ್ಟೆಯಲ್ಲಿ ಬೆಣ್ಣೆದೋಸೆ ಇರಲಿ, ಮಂಡಕ್ಕಿ ಮಿರ್ಚಿ ಇರಲಿ, ಮುದ್ದೆ-ಸಾರು ಇರಲಿ, ಅದರ ಕೆಲಸ ನಿಲ್ಲುವುದಿಲ್ಲ. ಹಾಲು, ಮೊಸರು, ಮಜ್ಜಿಗೆ ಯಾವುದೂ ತಡೆಯಲ್ಲ. ಹಣ್ಣಾದ ಪಪ್ಪಾಯಿ, ಎಳ್ಳು, ಬೆಲ್ಲ, ಒಣಶುಂಠಿ ಅಡುಗೆಯಲ್ಲಿ ಬಳಸುವಷ್ಟಕ್ಕೆ ಗುಳಿಗೆಯ ಬಲ ಇಳಿಯುವುದಿಲ್ಲ. ಅತ್ತೆಯವರು ಹೇಳುವ ಉಷ್ಣದ ಮಾತು ಬಸುರಿಯರ ಪಥ್ಯದಿಂದ ಬಂದದ್ದು, ಅದನ್ನು ಇಲ್ಲಿಗೆ ತಂದು ಕೂರಿಸಬೇಡಿ.

ಮೊಬೈಲ್‌ನಲ್ಲಿ ನೋಡಿದ್ದು ಗ್ರೇಪ್‌ಫ್ರೂಟ್ ಇರಬೇಕು, ಅದು ದ್ರಾಕ್ಷಿಯಲ್ಲ, ಚಕ್ಕೋತದಂಥ ಹಣ್ಣು. ಕರುಳಿನ ಗೋಡೆಯಲ್ಲಿ ಹಾರ್ಮೋನನ್ನು ಒಡೆಯುವ ಒಂದು ಕಿಣ್ವವನ್ನು ಆ ಹಣ್ಣು ತಡೆಯುತ್ತದೆ. ಒಡೆಯುವುದು ಕಡಿಮೆಯಾದರೆ ರಕ್ತದಲ್ಲಿ ಈಸ್ಟ್ರೋಜನ್ ಸ್ವಲ್ಪ ಏರುತ್ತದೆ, ಇಳಿಯುವುದಿಲ್ಲ. ಅಂದರೆ ಗರ್ಭ ನಿಲ್ಲುವ ಭಯಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಮದ್ಯವೂ ನೇರವಾಗಿ ಗುಳಿಗೆಯನ್ನು ಕೆಡಿಸಲ್ಲ, ಕುಡಿದು ವಾಂತಿಯಾದರೆ ಮಾತ್ರ ತೊಂದರೆ. ಕಾಫಿಯದು ಉಲ್ಟಾ ಲೆಕ್ಕ. ಗುಳಿಗೆ ತೆಗೆದುಕೊಳ್ಳುವವರ ಮೈಯಿಂದ ಕೆಫೀನ್ ಹೊರಹೋಗಲು ಹೆಚ್ಚು ಹೊತ್ತು ಬೇಕು, ಹಾಗಾಗಿ ಸಂಜೆ ಕಾಫಿಗೆ ರಾತ್ರಿ ನಿದ್ದೆ ಬರದಿರಬಹುದು.

ಊಟ-ತಿಂಡಿ ನಿಜವಾಗಿ ಅಡ್ಡ ಬರುವುದು ಕಂದು ಗುಳಿಗೆಗೆ. ಚಹಾದ ಒಗರು, ಹಾಲಿನ ಕ್ಯಾಲ್ಸಿಯಂ ಎರಡೂ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತವೆ. ಆ ಏಳು ದಿನ ಗುಳಿಗೆಗೂ ಚಹಾಕ್ಕೂ ನಡುವೆ ಒಂದೆರಡು ಗಂಟೆ ಬಿಡಿ, ನಿಂಬೆಹಣ್ಣಿನ ಪಾನಕದ ಜೊತೆ ನುಂಗಿದರೆ ಇನ್ನೂ ಒಳ್ಳೆಯದು. ಚಹಾದ ಜೊತೆಯೇ ನುಂಗಿಬಿಟ್ಟರೂ ರಕ್ತಹೀನತೆಗೆ ಆಗುವ ಉಪಯೋಗ ಕಡಿಮೆಯಾಗುತ್ತದೆ ಅಷ್ಟೇ, ಗರ್ಭ ನಿಲ್ಲುವುದಿಲ್ಲ.

ಈಗ ನಿಜವಾಗಿ ಕೈಕೊಡುವ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಏಕೆಂದರೆ ಗುಳಿಗೆ ಬಿಡಬಾರದು ಅಂತ ಎಲ್ಲರೂ ಹೇಳುತ್ತಾರೆ, ಯಾವುದನ್ನು ಬಿಟ್ಟರೆ ಅಪಾಯ ಅಂತ ಯಾರೂ ಹೇಳುವುದಿಲ್ಲ. ಅಪಾಯ ಇರುವುದು ಹೊಸ ಶೀಟ್ ತಡವಾಗಿ ಶುರು ಮಾಡುವುದರಲ್ಲಿ.

ಆಗುವುದು ಹೀಗೆ. ಭಾನುವಾರ ಕೊನೆಯ ಬಿಳಿ ಗುಳಿಗೆ ಮುಗಿಯಿತು. ಸೋಮವಾರದಿಂದ ಕಂದು. ಅದನ್ನು ನುಂಗಿದರೆ ಮಲ ಕಪ್ಪಗಾಗುತ್ತದೆ, ಹೊಟ್ಟೆ ತೊಳಸುತ್ತದೆ. ಹೆಂಗಸರು ಎರಡು ದಿನ ನುಂಗಿ, ಹೇಗೂ ಬರೀ ಕಬ್ಬಿಣದ್ದು ತಾನೇ ಅಂತ ಬಿಟ್ಟುಬಿಡುತ್ತಾರೆ. ಬಿಟ್ಟದ್ದರಿಂದ ಏನೂ ಆಗಲಿಲ್ಲ, ಆದರೆ ದಿನಾ ಕೈ ಹೋಗುತ್ತಿದ್ದ ಅಭ್ಯಾಸ ತಪ್ಪಿತು. ಅಷ್ಟರಲ್ಲಿ ದುಗ್ಗಮ್ಮನ ಜಾತ್ರೆ ಬಂತು, ಮನೆ ತುಂಬ ನೆಂಟರು, ಶೀಟ್ ಬೀರುವಿನ ಸೀರೆ ಮಡಿಕೆಯೊಳಗೆ ಹೋಯಿತು. ಮುಂದಿನ ಸೋಮವಾರ ಹೊಸ ಬಿಳಿ ಗುಳಿಗೆ ಶುರುವಾಗಬೇಕಿತ್ತು. ಇಲ್ಲವೇ ಹೊಸ ಶೀಟೇ ಮನೆಯಲ್ಲಿಲ್ಲ, ಆಶಾ ಅಕ್ಕ ಬರಲಿ ಅಂತ ಕಾಯುತ್ತಾರೆ. ಇಲ್ಲವೇ ಮುಟ್ಟು ನಿಂತ ಮೇಲೆ ಶುರು ಮಾಡೋಣ ಅಂದುಕೊಳ್ಳುತ್ತಾರೆ. ಅಂತೂ ಗುರುವಾರ ನುಂಗಿದರು. ಮೂರೇ ದಿನ ತಡ ಅನಿಸುತ್ತದೆ. ಮೈಯ ಲೆಕ್ಕದಲ್ಲಿ ಅದು ಹಾರ್ಮೋನಿಲ್ಲದ 10 ದಿನ.

21 ದಿನ ಬಿಳಿ ಗುಳಿಗೆ ನುಂಗುವಾಗ ಅಂಡಾಶಯ ಮಲಗಿರುತ್ತದೆ. ಕಂದು ಗುಳಿಗೆಯ ಏಳು ದಿನದಲ್ಲಿ ಅದು ಮೆಲ್ಲಗೆ ಎದ್ದು ಅಂಡಕೋಶವನ್ನು, ಅಂದರೆ ಅಂಡ ಇರುವ ಪುಟ್ಟ ಚೀಲವನ್ನು, ಬೆಳೆಸಲು ಶುರು ಮಾಡುತ್ತದೆ. ಎಂಟನೇ ದಿನ ಬಿಳಿ ಗುಳಿಗೆ ಬಿದ್ದರೆ ಮತ್ತೆ ಅಡಗುತ್ತದೆ. ಬೀಳದಿದ್ದರೆ ಆ ಅಂಡಕೋಶ ಬೆಳೆಯುತ್ತಾ ಹೋಗಿ ಅಂಡ ಹೊರಬರಬಹುದು. ಮಧ್ಯದ ಸಾಲಿನಲ್ಲಿ ಒಂದು ಗುಳಿಗೆ ಮರೆತರೆ ಹಿಂದೆ ಮುಂದೆ ಇರುವ ಹಾರ್ಮೋನು ಕಾಯುತ್ತದೆ. ಮೊದಲ ಸಾಲಿನಲ್ಲಿ ಮರೆತರೆ ಅದು ವಿರಾಮದ ಏಳು ದಿನಕ್ಕೇ ಹೋಗಿ ಸೇರುತ್ತದೆ. ಕೊನೆಯ ಬಿಳಿ ಸಾಲಿನಲ್ಲಿ ಮರೆತರೂ ಅಷ್ಟೇ, ವಿರಾಮ ಮೊದಲೇ ಶುರುವಾದಂತೆ. ಗುಳಿಗೆ ತಪ್ಪದೆ ನುಂಗಿದರೆ ವರ್ಷಕ್ಕೆ ನೂರು ಹೆಂಗಸರಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದು ಅಪರೂಪ. ಜನ ಬಳಸುವ ರೀತಿಯಲ್ಲಿ ಅದು 7ರ ಆಸುಪಾಸು. ಈ ವ್ಯತ್ಯಾಸದ ದೊಡ್ಡ ಪಾಲು ಮರೆವು ಮತ್ತು ತಡದಿಂದ ಬರುವುದು.

ಹಾಗಾಗಿ ಕಂದು ಗುಳಿಗೆ ಇಷ್ಟವಿಲ್ಲದಿದ್ದರೂ ನುಂಗಿ, ದಿನದ ಲೆಕ್ಕಕ್ಕಾದರೂ ನುಂಗಿ. ಮುಂದಿನ ಶೀಟ್ ಮನೆಗೆ ಬರದೆ ಈ ಶೀಟಿನ ಕೊನೆಯ ಸಾಲಿಗೆ ಹೋಗಬೇಡಿ. ಆಶಾ ಅಕ್ಕ ಸಿಗದಿದ್ದರೆ ಪಿಎಚ್‌ಸಿಯಲ್ಲಿ, ದಾವಣಗೆರೆಯಾದರೆ ಚಿಗಟೇರಿ ಆಸ್ಪತ್ರೆಯಲ್ಲಿ ಕೇಳಿ, ಮಾಲಾ-ಎನ್‌ಗೆ ದುಡ್ಡಿಲ್ಲ. ಅಂಗಡಿಯ ಮಾಲಾ-ಡಿಯಲ್ಲೂ ಅದೇ ಹಾರ್ಮೋನು, ಅದೇ ಪ್ರಮಾಣ. ಮುಟ್ಟು ಇನ್ನೂ ಹೋಗುತ್ತಿದ್ದರೂ 29ನೇ ದಿನ ಹೊಸ ಶೀಟಿನ ಮೊದಲ ಬಿಳಿ ಗುಳಿಗೆ ನುಂಗಲೇಬೇಕು.

ಒಂದು ಬಿಳಿ ಗುಳಿಗೆ ಮರೆತರೆ ನೆನಪಾದ ತಕ್ಷಣ ನುಂಗಿ, ಇವತ್ತಿನದನ್ನು ಇವತ್ತಿನ ಹೊತ್ತಿಗೆ ನುಂಗಿ, ಒಂದೇ ದಿನ ಎರಡಾದರೂ ಪರವಾಗಿಲ್ಲ. ಎರಡು ಅಥವಾ ಹೆಚ್ಚು ಸತತವಾಗಿ ತಪ್ಪಿದರೆ ಕೊನೆಯದಾಗಿ ತಪ್ಪಿದ್ದನ್ನು ಮಾತ್ರ ನುಂಗಿ ಮುಂದುವರಿಸಿ, ಸತತ 7 ಬಿಳಿ ಗುಳಿಗೆ ಹೊಟ್ಟೆಗೆ ಬೀಳುವವರೆಗೆ ನಿರೋಧ್ ಬಳಸಿ. ಹೀಗೆ ತಪ್ಪಿದ್ದು ಕೊನೆಯ ಬಿಳಿ ಸಾಲಿನಲ್ಲಾದರೆ ಕಂದು ಗುಳಿಗೆಗಳನ್ನು ಪೂರ್ತಿ ಬಿಟ್ಟು ನೇರ ಹೊಸ ಶೀಟ್ ಶುರು ಮಾಡಿ. ಮೊದಲ ಸಾಲಿನಲ್ಲಾಗಿ, ಹಿಂದಿನ ಐದು ದಿನದೊಳಗೆ ಗಂಡ-ಹೆಂಡತಿ ಸೇರಿದ್ದರೆ ತುರ್ತು ಗುಳಿಗೆಯ ಬಗ್ಗೆ ಕೇಳಿ: ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ, 72 ಗಂಟೆಯೊಳಗಾದರೆ ಫಲ ಹೆಚ್ಚು, ಎಷ್ಟು ಬೇಗ ಅಷ್ಟು ಒಳ್ಳೆಯದು.

ಜಾತ್ರೆ, ಗೃಹಪ್ರವೇಶ ಅಂತ ಮುಟ್ಟು ಮುಂದೂಡಲು ಅಂಗಡಿಯಲ್ಲಿ ದಿನಕ್ಕೆ ಮೂರು ಸಲ ನುಂಗುವ ನಾರ್‌ಎಥಿಸ್ಟೆರೋನ್ ಕೇಳುತ್ತಾರಲ್ಲ, ಅದು ಗರ್ಭ ತಡೆಯುವ ಗುಳಿಗೆ ಅಲ್ಲ. ಮಾಲಾ-ಎನ್ ನಿಲ್ಲಿಸಿ ಅದಕ್ಕೆ ಹೋಗಬೇಡಿ. ಕಂದು ಬಿಟ್ಟು ಮುಂದಿನ ಶೀಟಿನ ಬಿಳಿಗೆ ಹೋದರೆ ಮುಟ್ಟೂ ಮುಂದೆ ಹೋಗುತ್ತದೆ, ಕಾವಲೂ ಉಳಿಯುತ್ತದೆ.

ವಾಂತಿಯ ಮಾತು. ಬಿಳಿ ಗುಳಿಗೆ ನುಂಗಿ ಮೂರು ಗಂಟೆಯೊಳಗೆ ವಾಂತಿಯಾದರೆ ಹಾರ್ಮೋನು ಪೂರ್ತಿ ಒಳಗೆ ಹೋಗಿರಲಿಕ್ಕಿಲ್ಲ, ಶೀಟಿನ ಮುಂದಿನ ಬಿಳಿ ಗುಳಿಗೆ ನುಂಗಿ. ಶೀಟ್ ಒಂದು ದಿನ ಮೊದಲೇ ಮುಗಿಯುತ್ತದೆ, ಚಿಂತೆಯಿಲ್ಲ. ಜೋರು ವಾಂತಿ-ಭೇದಿ ಎರಡು ದಿನ ಹಿಡಿದರೆ ಆ ದಿನಗಳ ಗುಳಿಗೆ ತಪ್ಪಿದಂತೆಯೇ ಲೆಕ್ಕ ಹಾಕಿ. ಜಾತ್ರೆಯಲ್ಲಿ ತಿಂದದ್ದು ಕೆಟ್ಟು ಹೊಟ್ಟೆ ಹೋದರೆ ಊಟ ಗುಳಿಗೆಗೆ ಅಡ್ಡ ಬರುವುದು ಈ ದಾರಿಯಲ್ಲಿ. ಗುಳಿಗೆಯಿಂದಲೇ ಹೊಟ್ಟೆ ತೊಳಸುವವರು ರಾತ್ರಿ ಊಟವಾದ ಮೇಲೆ ನುಂಗಿ ಮಲಗಿ. ಗ್ಯಾಸ್‌ಗೆ ಅಂತ ಇದ್ದಿಲ ಗುಳಿಗೆ ತಗೊಳ್ಳುವವರು ಮಾಲಾ-ಎನ್ ನುಂಗಿ ಮೂರು ಗಂಟೆ ಕಳೆದ ಮೇಲೆ ತಗೊಳ್ಳಿ, ಇದ್ದಿಲು ಹಾರ್ಮೋನನ್ನು ಹೀರಿಕೊಂಡು ಹೊರಗೆ ಒಯ್ಯುತ್ತದೆ.

ಅಡುಗೆಮನೆಗಿಂತ ಔಷಧಿ ಡಬ್ಬಿಯನ್ನು ಅನುಮಾನಿಸಿ. ಟಿ.ಬಿ.ಗೆ ಕೊಡುವ ರಿಫಾಂಪಿಸಿನ್ ಈ ವಿಷಯದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು, ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿಸುವ ಗುಳಿಗೆ ಅಂದರೆ ಗುರುತು ಸಿಗುತ್ತದೆ. ಅದು ಯಕೃತ್ತಿನಲ್ಲಿ ಹಾರ್ಮೋನು ಒಡೆಯುವ ಕಿಣ್ವವನ್ನು ಹೆಚ್ಚಿಸುತ್ತದೆ, ನಿಲ್ಲಿಸಿದ ಮೇಲೂ ನಾಲ್ಕು ವಾರ ಆ ಪ್ರಭಾವ ಇರುತ್ತದೆ. ಮನೆಯಲ್ಲಿ ಒಬ್ಬರಿಗೆ ಟಿ.ಬಿ. ಇದ್ದರೆ ಉಳಿದವರಿಗೆ ತಡೆಗಟ್ಟಲು ವಾರಕ್ಕೊಮ್ಮೆಯಂತೆ 12 ವಾರ ಕೊಡುವ ಗುಳಿಗೆಯಲ್ಲಿರುವ ರಿಫಾಪೆಂಟಿನ್ ಕೂಡ ಇದೇ ಜಾತಿಯದು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್ ಸಹ ಹಾಗೆಯೇ. ಇವು ನಡೆಯುತ್ತಿದ್ದರೆ ತುರ್ತು ಗುಳಿಗೆಯ ಬಲವೂ ಇಳಿಯುತ್ತದೆ. ಕಾಪರ್-ಟಿ ಅಥವಾ ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಇಂಜೆಕ್ಷನ್ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ. ಟಿ.ಬಿ., ಫಿಟ್ಸ್ ಗುಳಿಗೆಗಳನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಜ್ವರ-ಕೆಮ್ಮಿಗೆ ಕೊಡುವ ಅಮಾಕ್ಸಿಸಿಲಿನ್, ಅಜಿತ್ರೋಮೈಸಿನ್‌ಗಳಿಗೆ ಹೆದರಬೇಕಿಲ್ಲ.

ನಿಮಗೆ ಕೊಟ್ಟದ್ದು ಛಾಯಾ ಅನ್ನುವ ಇನ್ನೊಂದು ಗರ್ಭನಿರೋಧಕ ಗುಳಿಗೆ ಆಗಿದ್ದರೆ ಮೇಲಿನ ಲೆಕ್ಕ ಯಾವುದೂ ಹೊಂದುವುದಿಲ್ಲ. ಅದು ಹಾರ್ಮೋನು ಅಲ್ಲ, ಸೆಂಟ್‌ಕ್ರೋಮನ್ 30 ಮಿಲಿಗ್ರಾಂ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಮೊದಲನೆಯದು ಭಾನುವಾರವಾದರೆ ಎರಡನೆಯದು ಬುಧವಾರ, ನಾಲ್ಕನೇ ತಿಂಗಳಿಂದ ಭಾನುವಾರ ಮಾತ್ರ. ಏಳು ದಿನಕ್ಕಿಂತ ಹೆಚ್ಚು ತಪ್ಪಿದರೆ ಮೊದಲಿನಿಂದ ವಾರಕ್ಕೆರಡರಂತೆ ಶುರು. ಆರು ತಿಂಗಳೊಳಗಿನ ಕೂಸಿಗೆ ಹಾಲುಣಿಸುತ್ತಿದ್ದರೆ ಮಾಲಾ-ಎನ್ ಬೇಡ, ಛಾಯಾ ಆಗುತ್ತದೆ.

ಇನ್ನು ನಿಮ್ಮ ಬಾರದ ಮುಟ್ಟು. ಕಂದು ವಾರದ ರಕ್ತಸ್ರಾವ ಹಾರ್ಮೋನು ನಿಂತದ್ದಕ್ಕೆ ಬರುವಂಥದ್ದು. ಗರ್ಭಕೋಶದ ಪದರ ತೆಳುವಾಗಿದ್ದರೆ ಎಲ್ಲ ಗುಳಿಗೆ ಸರಿಯಾಗಿ ನುಂಗಿದವರಿಗೂ ಒಂದೊಂದು ತಿಂಗಳು ಬರುವುದಿಲ್ಲ. ಮೂರೂ ಶೀಟ್ ತೆಗೆದು ನೋಡಿ, ಬಿಳಿ ಗುಳಿಗೆ ಉಳಿದಿದೆಯಾ, ಈ ಶೀಟ್ ಶುರು ಮಾಡಿದ್ದು ಯಾವ ವಾರ, ವಾಂತಿ-ಭೇದಿ ಆಗಿತ್ತಾ. ಏನೂ ತಪ್ಪಿಲ್ಲದಿದ್ದರೆ ಹೊಸ ಶೀಟ್ ಸರಿಯಾದ ದಿನಕ್ಕೆ ಶುರು ಮಾಡಿ, ಮುಂದಿನ ಸಲವೂ ಬರದಿದ್ದರೆ ಪರೀಕ್ಷೆ ಮಾಡಿಸಿ. ತಪ್ಪಿದ್ದರೆ ನಾಳೆ ಬೆಳಗಿನ ಮೊದಲ ಮೂತ್ರದಲ್ಲಿ ಕಿಟ್ ಪರೀಕ್ಷೆ ಮಾಡಿ. ಒಂದೇ ಗೆರೆ ಬಂದರೆ ಗುಳಿಗೆ ಮುಂದುವರಿಸಿ, ತಪ್ಪಿದ ದಿನಗಳಲ್ಲಿ ಸೇರಿದ್ದಕ್ಕೆ ಮೂರು ವಾರ ತುಂಬಿದ ಮೇಲೆ ಇನ್ನೊಮ್ಮೆ ನೋಡಿ. ಎರಡು ಗೆರೆ ಬಂದರೆ ಗುಳಿಗೆ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ, ಇಷ್ಟು ದಿನ ನುಂಗಿದ್ದರಿಂದ ಮಗುವಿಗೆ ಏನಾಯಿತೋ ಅಂತ ಹೆದರಬೇಡಿ, ಈ ಹಾರ್ಮೋನಿನಿಂದ ಅಂಥ ಹಾನಿ ಕಂಡುಬಂದಿಲ್ಲ. ಶೀಟ್ ನೋಡಿ ಎಷ್ಟನೇ ಗುಳಿಗೆ ತಪ್ಪಿದೆ ಅಂತ ಇಲ್ಲೇ ಕೆಳಗೆ ಬರೆಯಿರಿ, ಮುಂದಿನದು ಹೇಳುತ್ತೇನೆ.